ಹಿಮ ಬೀಳದ ಕರ್ನಾಟಕಕ್ಕೆ ಸ್ಕೀಯಿಂಗ್ ಪದಕ: ಸುಳ್ಳಾ, ನಿಜಾನಾ?

ಕೊಡಗಿನ ತೆಕ್ಕಡ ಭವಾನಿ 2025ರಲ್ಲಿ ಚಿಲಿಯಲ್ಲಿ ನಡೆದ 5 ಕಿ.ಮೀ. ಕ್ರಾಸ್ ಕಂಟ್ರಿ ಸ್ಕೀಯಿಂಗ್ ರೇಸ್‌ನಲ್ಲಿ ಕಂಚು ಗೆದ್ದರು. 'ನಮ್ಮಲ್ಲಿ ಹಿಮವೇ ಬೀಳಲ್ಲ, ಇದು ಫೇಕ್' ಅನ್ನಬೇಡಿ, ಸುದ್ದಿ ನಿಜ.

ಈ ರೇಸ್‌ನಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಏರು ಹತ್ತುವುದಕ್ಕೆ. ಅಲ್ಲಿ ಬೇಕಾದದ್ದು ಹೃದಯ, ಶ್ವಾಸಕೋಶಗಳ ಕಸುವು. ಅದನ್ನು ಚಕ್ರವಿರುವ ರೋಲರ್ ಸ್ಕೀ ಕಟ್ಟಿಕೊಂಡು ಡಾಂಬರು ರಸ್ತೆಯಲ್ಲೇ ಬೆಳೆಸಬಹುದು. ನವಲಗುಂದದ ಸಪಾಟು ರಸ್ತೆಗಿಂತ ಕಲಘಟಗಿಯ ಏರಿಳಿತದ ರಸ್ತೆಯೇ ವಾಸಿ, ತಗ್ಗುಗಳಿಲ್ಲದಿದ್ದರೆ!

ಇಳಿಯುವಾಗಿನ ಹಿಡಿತ, ತಿರುವು ಮಾತ್ರ ಹಿಮದಲ್ಲೇ ಕಲಿಯಬೇಕು. ಕಲಿಯಲು ಸ್ವಿಟ್ಜರ್ಲೆಂಡಿನ ದೊಡ್ಡ ರೆಸಾರ್ಟೇ ಆಗಬೇಕಿಲ್ಲ, ನಮ್ಮ ಗುಲ್ಮಾರ್ಗ್ ಸಾಕು. ಆದರೆ ಅಲ್ಲಿ ಹಿಮವನ್ನೇ ನಂಬುವಂತಿಲ್ಲ. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಸ್ಪರ್ಧೆಗಳನ್ನು ಹಿಮ ಸಾಲದೆ ಮಾರ್ಚ್‌ಗೆ ಮುಂದೂಡಬೇಕಾಯಿತು.