'ಕಟಕ್' ಶಬ್ದಕ್ಕೆ ಎಷ್ಟು ದುಡ್ಡು?

ಹೋದ ತಿಂಗಳು ಅಕ್ಕನ ಮಗುವಿನ ನಾಮಕರಣದ ದಿನವೇ ನನ್ನ ಹಳೇ ಡಿಎಸ್‌ಎಲ್‌ಆರ್ ಕೈಕೊಟ್ಟಿತು. ಶಟರ್ ಪರದೆ ಅರ್ಧಕ್ಕೇ ಸಿಕ್ಕಿಕೊಂಡು, ತೆಗೆದ ಫೋಟೋದಲ್ಲೆಲ್ಲ ಅರ್ಧ ಭಾಗ ಕಪ್ಪು. ರಿಪೇರಿಯವನು ಹೇಳಿದ ರೇಟಿಗೆ ಸೆಕೆಂಡ್ ಹ್ಯಾಂಡ್ ಬಾಡಿಯೇ ಬರುತ್ತಿತ್ತು! ಸೆನ್ಸರ್ ಮಾತ್ರ ಗಟ್ಟಿಮುಟ್ಟಾಗಿದೆ.

ಒಂದು ಫೋಟೋಗೆ ಕನ್ನಡಿ ಮೇಲೇಳಬೇಕು, ಮೊದಲ ಪರದೆ ಸರಿಯಬೇಕು, ಎರಡನೆಯದು ಅದರ ಹಿಂದೆ ಓಡಬೇಕು, ಕನ್ನಡಿ ಮತ್ತೆ ಇಳಿಯಬೇಕು. ಸ್ಪ್ರಿಂಗು, ಗೇರು, ಮೋಟಾರು... ಸವೆಯದೇ ಇರುತ್ತದೆಯೇ? ನಿಕಾನ್ ಡಿ850ರಂಥ ದುಬಾರಿ ಕ್ಯಾಮೆರಾದ ಶಟರನ್ನೂ ಪರೀಕ್ಷಿಸಿರುವುದು 2,00,000 ಕ್ಲಿಕ್ಕಿನವರೆಗೆ.

ಹಾಗಾದರೆ ಶಟರನ್ನೇ ಕಿತ್ತೆಸೆಯಬಾರದೇ ಅಂತೀರಾ? 2021ರ ನಿಕಾನ್ ಝಡ್9ನಲ್ಲಿ ಅದನ್ನೇ ಮಾಡಿದರು. ಬಿಡುಗಡೆಯಾದಾಗ ಅದರ ಬೆಲೆ ಸುಮಾರು 5,500 ಡಾಲರ್! ಸಾಮಾನ್ಯ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ, ನಿಧಾನಕ್ಕೆ ಓದುತ್ತದೆ. ಶಟರ್ ಇಲ್ಲದೆ ತೆಗೆದರೆ ತಿರುಗುವ ಫ್ಯಾನಿನ ರೆಕ್ಕೆ ಬಾಳೆಹಣ್ಣಿನ ಹಾಗೆ ಬಾಗಿರುತ್ತದೆ. ಅದು ತಪ್ಪಬೇಕಾದರೆ ಬಹಳ ವೇಗದ ಸೆನ್ಸರ್ ಬೇಕು, ಅದಂತೂ ದುಬಾರಿ. ಅದಕ್ಕೇ ಕಮ್ಮಿ ಬೆಲೆಯ ಕ್ಯಾಮೆರಾಗಳಲ್ಲಿ ಬಹುಪಾಲು ಈಗಲೂ ಶಟರನ್ನೇ ನೆಚ್ಚಿಕೊಂಡಿವೆ.

ಶಟರ್ ಇರಲಿ ಕಣ್ರೀ, ನನ್ನ ತಕರಾರಿಲ್ಲ. ಸವೆಯುವ ಭಾಗ ಅಂತ ಗೊತ್ತಿದ್ದ ಮೇಲೆ, ಬೈಕಿನ ಬ್ರೇಕ್ ಶೂ ಥರ ನೂರಿನ್ನೂರು ರೂಪಾಯಿಗಲ್ಲದಿದ್ದರೂ, ಜೇಬಿಗೆ ಸಹ್ಯವಾಗುವ ಹಾಗೆ ಬದಲಿಸಲು ಯಾಕೆ ಬರುವುದಿಲ್ಲ? ಕ್ಯಾಮೆರಾದ ಅರ್ಧ ಹೊಟ್ಟೆ ಬಗೆದೇ ಅಲ್ಲಿಗೆ ತಲುಪಬೇಕೇ?

ನಾಮಕರಣದ ಫೋಟೋಗಳನ್ನು ಕೊನೆಗೆ ಭಾವನ ಮೊಬೈಲಿನಲ್ಲೇ ತೆಗೆದದ್ದು. ಅದರಲ್ಲಿ ಪರದೆಯೂ ಇಲ್ಲ, ಕನ್ನಡಿಯೂ ಇಲ್ಲ. ಚೆನ್ನಾಗೇ ಬಂದಿವೆ, ಅದೇ ಹೊಟ್ಟೆಯುರಿ :-)