ಕುಕೀಗೆ ಮೈದಾನೇ ಯಾಕೆ?

ಹೋದ ವಾರ ಅಫಜಲಪುರದ ಮನೆಯಲ್ಲಿ ಚಾಕೊಲೇಟ್ ಚಿಪ್ ಕುಕೀ ಮಾಡಲು ಹೊರಟೆ. ಓವನ್ ಇಲ್ಲ, ಸೀಟಿ-ಗ್ಯಾಸ್ಕೆಟ್ ತೆಗೆದ ಕುಕ್ಕರೇ ಗತಿ. ಮೈದಾನೂ ಇಲ್ಲ. ಜೋಳದ ಹಿಟ್ಟಿನ ಡಬ್ಬಿಗೆ ಕೈ ಹಾಕಿದೆ.

"ತಮ್ಮಾ, ಜ್ವಾಳದ ಹಿಟ್ಟಿಗೆ ಜಿಗಿ ಇರಂಗಿಲ್ಲ, ಪುಡಿಪುಡಿ ಆಗ್ತದ ನೋಡು" ಅಂದಳು ಅವ್ವ.

ಹಾಗೇ ಆಯ್ತು! ಜೋಳದಲ್ಲಿ ಗ್ಲುಟನ್ ಇಲ್ಲ. ಅದಕ್ಕೇ ಅಲ್ವೇ ರೊಟ್ಟಿಗೆ ಕುದಿಯೋ ಎಸರು ಹಾಕಿ ನಾದೋದು? ಎರಡನೇ ಸಲ ನಾನೂ ಅದೇ ಮಾಡಿದೆ. ಹಿಟ್ಟಿಗೆ ನಾಲ್ಕು ಚಮಚ ಕುದಿಯೋ ಹಾಲು, ಆರಿದ ಮೇಲೆ ಬೆಣ್ಣೆ, ಬೆಲ್ಲ, ಚಾಕೊಲೇಟ್ ಚೂರು, ಅರ್ಧ ಗಂಟೆ ವಿಶ್ರಾಂತಿ. ಮುರಿಯಲಿಲ್ಲ. ಗ್ಲುಟನ್ ಹೆಚ್ಚಾದರೆ ಕುಕೀ ಗಡುಸಾಗ್ತದೆ, ಇಲ್ಲಿ ಆ ಭಯವೂ ಇಲ್ಲ.

1930ರ ದಶಕದಲ್ಲಿ ಅಮೆರಿಕದ ರೂತ್ ವೇಕ್‌ಫೀಲ್ಡ್ ಕೂಡ ಚಾಕೊಲೇಟ್ ಬಾರನ್ನೇ ಚೂರು ಮಾಡಿ ಈ ಕುಕೀ ಮಾಡಿದ್ದರು. ರೆಸಿಪಿ ಅಲ್ಲಿಂದ ಬರಲಿ, ಹಿಟ್ಟೂ ಬರಬೇಕೇ?

ಆಳಂದ, ಜೇವರ್ಗಿ ಕಡೆ ನೆಂಟರ ಮುಂದೆ ಅಂಗಡಿಯ ಮೈದಾ ಬಿಸ್ಕೀಟು ಇಡ್ತೀವಿ, ಜೋಳ ಅಂದ್ರೆ ಸಂಕೋಚ. ಅದೇ ಜೋಳ ಬೆಂಗಳೂರಲ್ಲಿ 'ಮಿಲೆಟ್ ಕುಕೀ' ಆದ್ರೆ ದುಡ್ಡು ಸುರೀತೀವಿ!

ನಿಮ್ಮ ಮನೆ ಡಬ್ಬಿಯಲ್ಲಿ ಯಾವ ಹಿಟ್ಟಿದೆ? ಒಮ್ಮೆ ಅದರಲ್ಲೇ ಮಾಡಿ ನೋಡಿ.