ಮುಚ್ಚಲೊಲ್ಲದ ಗಣಕಯಂತ್ರ



ಗಣಕಯಂತ್ರವನ್ನು ತೆರೆಯುವುದನ್ನು ಕಲಿಸುವವರು ಬಹಳ ಜನರಿದ್ದಾರೆ. ಮುಚ್ಚುವುದನ್ನು ಕಲಿಸುವವರು ವಿರಳ. ಗುಂಡಿ ಒತ್ತಿದರೆ ತೆರೆಯುತ್ತದೆ, ಮತ್ತೆ ಒತ್ತಿದರೆ ಮುಚ್ಚುತ್ತದೆ ಎಂಬ ಭಾವನೆಯೇ ಎಲ್ಲೆಡೆ ಬೇರೂರಿದೆ. ಆದರೆ ‘ಶಟ್ ಡೌನ್’ ಎಂದು ಆಜ್ಞೆ ಕೊಟ್ಟ ಮೇಲೂ ಯಂತ್ರವು ಕೆಲವೊಮ್ಮೆ ಮುಚ್ಚಿಕೊಳ್ಳುವುದಿಲ್ಲ. ತೆರೆಯ ಮೇಲೆ ಚುಕ್ಕೆಗಳ ವೃತ್ತವೊಂದು ಸುತ್ತುತ್ತಲೇ ಇರುತ್ತದೆ. ಇಲ್ಲವೆ ಇಂಗ್ಲಿಷಿನಲ್ಲಿ ಅರ್ಥವಾಗದ ಸಂದೇಶವೊಂದು ಮೂಡಿ ನಿಲ್ಲುತ್ತದೆ. ಆಗ ಅನೇಕ ಗೃಹಸ್ಥರು ಮಾಡುವ ಕೆಲಸ ಒಂದೇ: ಗೋಡೆಯ ಸ್ವಿಚ್ಚನ್ನು ಆರಿಸಿ ಮಲಗಿಬಿಡುವುದು. ಹತ್ತು ಸಲ ಹೀಗೆ ಮಾಡಿದರೂ ಏನೂ ಆಗದಿರಬಹುದು. ಹನ್ನೊಂದನೆಯ ಸಲ ಅಂಗಡಿಯ ವರ್ಷದ ಲೆಕ್ಕವೋ, ಸಂಘದ ಜಮಾಖರ್ಚೋ, ಮಕ್ಕಳ ಪ್ರಬಂಧವೋ, ತೀರಿಹೋದ ಹಿರಿಯರ ಭಾವಚಿತ್ರಗಳೋ ತೆರೆಯದಂತಾಗಬಹುದು. ಆದಕಾರಣ ಈ ಸಲದ ಅಂಕಣವನ್ನು ಈ ಒಂದು ವಿಷಯಕ್ಕೇ ಮೀಸಲಿಡಲಾಗಿದೆ.

ಮೊದಲು, ಮುಚ್ಚುವುದೆಂದರೇನು ಎಂಬುದನ್ನು ಅರಿಯಬೇಕು. ದೀಪ ಆರಿಸಿದಂತೆ ವಿದ್ಯುತ್ತನ್ನು ಕಡಿದುಬಿಡುವುದು ಅದಲ್ಲ. ಅದು ವರ್ತಕನು ರಾತ್ರಿ ಅಂಗಡಿಯ ಬಾಗಿಲು ಹಾಕುವ ಮುನ್ನ ಚೋಪಡಿಯನ್ನು ಮುಗಿಸುವಂತಹ ಕೆಲಸ. ಹಗಲೆಲ್ಲ ವ್ಯಾಪಾರದ ಭರಾಟೆಯಲ್ಲಿ ಚೀಟಿಯ ಮೇಲೆ ಗೀಚಿಕೊಂಡದ್ದನ್ನು ಆತನು ರಾತ್ರಿ ಪುಸ್ತಕಕ್ಕೆ ಏರಿಸುತ್ತಾನೆ. ಗಣಕವೂ ವೇಗಕ್ಕಾಗಿ ಅನೇಕ ಬರಹಗಳನ್ನು ತತ್‌ಕ್ಷಣ ಡಿಸ್ಕಿಗೆ ಬರೆಯದೆ, ವಿದ್ಯುತ್ ಇರುವವರೆಗೆ ಮಾತ್ರ ಉಳಿಯುವ ತನ್ನ ಸ್ಮೃತಿಯಲ್ಲಿ ಕ್ಷಣಕಾಲ ಇಟ್ಟುಕೊಂಡಿರುತ್ತದೆ. ‘ಶಟ್ ಡೌನ್’ ಎಂದ ಕೂಡಲೆ ವಿಂಡೋಸ್ ವ್ಯವಸ್ಥೆಯು ತೆರೆದಿರುವ ಒಂದೊಂದು ತಂತ್ರಾಂಶವನ್ನೂ “ಮುಚ್ಚಲು ಸಿದ್ಧವೇ?” ಎಂದು ಕೇಳುತ್ತದೆ. ಅವು ಒಪ್ಪಿದ ಬಳಿಕ, ತೆರೆಯ ಹಿಂದೆ ಕಾಣದಂತೆ ದುಡಿಯುವ ‘ಸರ್ವೀಸ್’ಗಳನ್ನು ನಿಲ್ಲಿಸುತ್ತದೆ. ಸ್ಮೃತಿಯಲ್ಲಿ ಉಳಿದುದನ್ನು ಡಿಸ್ಕಿಗೆ ಬರೆಯುತ್ತದೆ. ಮುದ್ರಕ, ಧ್ವನಿ, ಜಾಲಸಂಪರ್ಕ ಮುಂತಾದ ಉಪಕರಣಗಳನ್ನು ನಡೆಸುವ ‘ಡ್ರೈವರ್’ ತಂತ್ರಾಂಶಗಳಿಗೆ ವಿಶ್ರಾಂತಿ ಕೊಡುತ್ತದೆ. ಎಲ್ಲವೂ ಮುಗಿದ ಮೇಲೆಯೇ ವಿದ್ಯುತ್ತನ್ನು ಕಡಿಯುತ್ತದೆ. ಈ ಸಾಲಿನಲ್ಲಿ ಯಾರೊಬ್ಬರು ಉತ್ತರ ಕೊಡದಿದ್ದರೂ ಉಳಿದವರೆಲ್ಲ ಕಾಯಬೇಕಾಗುತ್ತದೆ. ನಾವು ‘ಹ್ಯಾಂಗ್’ ಎಂದು ಕರೆಯುವುದು ಈ ಕಾಯುವಿಕೆಯನ್ನೇ. ಆದ್ದರಿಂದ ಕೇಳಬೇಕಾದ ಪ್ರಶ್ನೆ “ಇದನ್ನು ಹೇಗೆ ಕೊಲ್ಲುವುದು?” ಎಂಬುದಲ್ಲ, “ಇದು ಯಾರಿಗಾಗಿ ಕಾಯುತ್ತಿದೆ?” ಎಂಬುದು.

ಹಳೆಯ ಯಂತ್ರಗಳನ್ನು ಬಳಸಿದವರಿಗೆ ಒಂದು ದೃಶ್ಯ ನೆನಪಿರಬಹುದು. 1995ರಲ್ಲಿ ಬಂದ ವಿಂಡೋಸ್ 95ರಲ್ಲಿ ಎಲ್ಲ ಕೆಲಸ ಮುಗಿದ ಮೇಲೆ, ಕಪ್ಪು ತೆರೆಯ ಮೇಲೆ ಕಿತ್ತಳೆ ಬಣ್ಣದ ಅಕ್ಷರಗಳಲ್ಲಿ, ಈಗ ಗಣಕವನ್ನು ನಿರಪಾಯವಾಗಿ ಆರಿಸಬಹುದು ಎಂಬ ಮಾತು ಮೂಡುತ್ತಿತ್ತು. ಅದನ್ನು ಕಂಡ ಮೇಲೆ ಬಳಕೆದಾರನು ತನ್ನ ಕೈಯಿಂದಲೇ ಸ್ವಿಚ್ಚನ್ನು ಆರಿಸುತ್ತಿದ್ದನು. ಅದೇ 1995ರಲ್ಲಿ ಇಂಟೆಲ್ ಸಂಸ್ಥೆಯು ರೂಪಿಸಿದ ಎಟಿಎಕ್ಸ್ ಮಾದರಿಯ ವಿದ್ಯುತ್ ಪೂರೈಕೆಯೂ, 1996ರ ಕೊನೆಯಲ್ಲಿ ಪ್ರಕಟವಾದ ಎಸಿಪಿಐ ಎಂಬ ನಿಯಮಾವಳಿಯೂ ಬಳಕೆಗೆ ಬಂದಂತೆ, ಯಂತ್ರವು ತಾನಾಗಿಯೇ ಆರಿಕೊಳ್ಳುವ ಕ್ರಮ ರೂಢಿಗೊಂಡಿತು. ಅನುಕೂಲವೇನೋ ಆಯಿತು. ಆದರೆ “ಇನ್ನು ಆರಿಸಬಹುದು” ಎಂದು ಸ್ಪಷ್ಟವಾಗಿ ಹೇಳುತ್ತಿದ್ದ ಆ ಮಾತು ಕಣ್ಮರೆಯಾಯಿತು; ಅದರೊಡನೆ ಅಲ್ಲಿಯವರೆಗೆ ಕಾಯಬೇಕೆಂಬ ತಿಳಿವಳಿಕೆಯೂ ಮರೆಯಾಯಿತು.

1998ರ ವಿಂಡೋಸ್ 98 ಒಂದು ಪಾಠವನ್ನು ಕಲಿಸಿತು. ಬೇಗ ಮುಚ್ಚಲೆಂದು ಅದರಲ್ಲಿ ‘ಫಾಸ್ಟ್ ಶಟ್‌ಡೌನ್’ ಎಂಬ ಏರ್ಪಾಟನ್ನು ಸೇರಿಸಿದ್ದರು. ಕೆಲವು ಉಪಕರಣಗಳಿಗೆ ಆ ವೇಗ ಹೊಂದಿಕೆಯಾಗದೆ ಯಂತ್ರವು ನಡುವೆಯೇ ಸ್ತಬ್ಧವಾಗುತ್ತಿತ್ತು. ಕೊನೆಗೆ ಆ ಏರ್ಪಾಟನ್ನು ನಿಲ್ಲಿಸುವುದೇ ಪರಿಹಾರಗಳಲ್ಲೊಂದಾಯಿತು. ಇನ್ನೊಂದು ಕಾರಣವಂತೂ ಕೇಳಿದವರಿಗೆ ನಗು ತರಿಸುವಂಥದು: ಮುಚ್ಚುವಾಗ ನುಡಿಯುವ ವಿದಾಯದ ಧ್ವನಿಯ ಕಡತ ಕೆಟ್ಟಿದ್ದರೂ ಇಡೀ ಯಂತ್ರ ನಿಂತುಬಿಡುತ್ತಿತ್ತು. 1999ರ ಎರಡನೆಯ ಆವೃತ್ತಿಯಲ್ಲಿಯೂ ತೊಂದರೆ ಉಳಿದುದರಿಂದ, ಮೈಕ್ರೋಸಾಫ್ಟ್ ಸಂಸ್ಥೆಯು ಮುಚ್ಚುವಿಕೆಯ ದೋಷಗಳಿಗೆಂದೇ ಪ್ರತ್ಯೇಕ ಪೂರಕ ತಂತ್ರಾಂಶವನ್ನು ಹೊರತರಬೇಕಾಯಿತು. ಆ ಆವೃತ್ತಿಗಳ ಕಾಲ ಎಂದೋ ಮುಗಿದಿದೆ. ಆದರೂ ಅಂದು ಗುರುತಿಸಿದ ಕಾರಣಗಳು ಇಂದಿಗೂ ಅವೇ: ಕೆಟ್ಟ ಕಡತ, ಹೊಂದದ ಡ್ರೈವರ್, ಒಂದಕ್ಕೊಂದು ಅಡ್ಡಬರುವ ತಂತ್ರಾಂಶಗಳು, ದೋಷವುಳ್ಳ ಉಪಕರಣ.

ಇನ್ನು ಸಂದೇಶಗಳ ವಿಚಾರ. ಅವುಗಳನ್ನು ಕಂಡು ಗಾಬರಿಗೊಳ್ಳದೆ ಓದಬೇಕು. ಸಾಧ್ಯವಾದರೆ ಅಕ್ಷರಶಃ ಬರೆದಿಟ್ಟುಕೊಳ್ಳಬೇಕು ಅಥವಾ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಬೇಕು. ದುರಸ್ತಿಗಾರನಿಗೆ “ಏನೋ ಬಂತು” ಎಂದು ಹೇಳುವುದಕ್ಕೂ, ಬಂದದ್ದನ್ನೇ ತೋರಿಸುವುದಕ್ಕೂ ಬಹಳ ಅಂತರವಿದೆ.

ಸಾಮಾನ್ಯವಾಗಿ ಕಾಣುವ ಸಂದೇಶಗಳು ಮೂರು. ಮೊದಲನೆಯದು, ಇಂಥ ತಂತ್ರಾಂಶವು ಮುಚ್ಚುವಿಕೆಯನ್ನು ತಡೆಯುತ್ತಿದೆ ಎಂಬುದು. ಅದರ ಕೆಳಗೆ ‘ಶಟ್ ಡೌನ್ ಎನಿವೇ’, ‘ಕ್ಯಾನ್ಸಲ್’ ಎಂಬ ಎರಡು ಗುಂಡಿಗಳಿರುತ್ತವೆ. ಅಲ್ಲಿ ತಂತ್ರಾಂಶದ ಹೆಸರನ್ನು ನೋಡಿರಿ. ಅದು ನೀವು ಬರೆಯುತ್ತಿದ್ದ ಪತ್ರವೋ ಲೆಕ್ಕವೋ ಆಗಿದ್ದರೆ ‘ಕ್ಯಾನ್ಸಲ್’ ಒತ್ತಿ, ಹಿಂದಿರುಗಿ, ಕೆಲಸವನ್ನು ಉಳಿಸಿ, ಆಮೇಲೆ ಮುಚ್ಚಿರಿ. “ಹೇಗಾದರೂ ಮುಚ್ಚು” ಎಂಬ ಗುಂಡಿಯನ್ನು ಒತ್ತಿದರೆ ಉಳಿಸದ ಬರಹ ಉಳಿಯದೆಂದೇ ತಿಳಿಯಬೇಕು.

ಎರಡನೆಯದು, ಸೊನ್ನೆ ಎಕ್ಸ್‌ನಿಂದ ಆರಂಭವಾಗುವ ಉದ್ದನೆಯ ಸಂಖ್ಯೆಗಳ ನಡುವೆ ‘ಮೆಮೊರಿ ಕುಡ್ ನಾಟ್ ಬಿ ರೀಡ್’ ಎಂದು ಹೇಳುವ ಸಂದೇಶ. ಇದರಿಂದ ಯಂತ್ರವೇ ಕೆಟ್ಟಿತೆಂದು ಭಾವಿಸಬೇಕಾಗಿಲ್ಲ. ತಂತ್ರಾಂಶವೊಂದು ತನಗೆ ಸೇರದ, ಅಥವಾ ಆಗಲೇ ಬಿಟ್ಟುಕೊಟ್ಟ ಸ್ಮೃತಿಯ ಭಾಗವನ್ನು ಓದಲು ಹೋಯಿತೆಂಬುದಷ್ಟೇ ಇದರ ಅರ್ಥ. ಖಾಲಿ ಮಾಡಿದ ಬಾಡಿಗೆ ಮನೆಗೆ ಹಳೆಯ ಬೀಗದ ಕೈ ಹಿಡಿದು ಹೋದಂತೆ. ಸಂದೇಶದ ಶಿರೋಭಾಗದಲ್ಲಿ ಆ ತಂತ್ರಾಂಶದ ಹೆಸರಿರುತ್ತದೆ. ಪ್ರತಿ ಸಲವೂ ಅದೇ ಹೆಸರು ಬಂದರೆ ಆ ತಂತ್ರಾಂಶವನ್ನು ನವೀಕರಿಸಬೇಕು ಇಲ್ಲವೆ ತೆಗೆದು ಮತ್ತೆ ಹಾಕಬೇಕು. ದಿನಕ್ಕೊಂದು ಹೆಸರು ಬರುತ್ತಿದ್ದರೆ ಸ್ಮೃತಿಯ ಚಿಪ್ಪುಗಳ ಮೇಲೆಯೇ ಸಂಶಯ ಪಡಬೇಕಾಗುತ್ತದೆ. ಅದನ್ನು ಪರೀಕ್ಷಿಸಲು ವಿಂಡೋಸ್‌ನಲ್ಲಿಯೇ ‘ಮೆಮೊರಿ ಡಯಾಗ್ನೊಸ್ಟಿಕ್’ ಎಂಬ ಸಾಧನವಿದೆ.

ಮೂರನೆಯದು, ನವೀಕರಣ ನಡೆಯುತ್ತಿದೆ, ಗಣಕವನ್ನು ಆರಿಸಬೇಡಿ ಎಂಬ ಸಂದೇಶ. ಇದು ದೋಷವಲ್ಲ, ಎಚ್ಚರಿಕೆ. ಹಳೆಯ ತಿರುಗುವ ಡಿಸ್ಕುಳ್ಳ ಯಂತ್ರದಲ್ಲಿ ಇದಕ್ಕೆ ಬಹಳ ಹೊತ್ತು ಹಿಡಿಯಬಹುದು. ಡಿಸ್ಕಿನ ಪುಟ್ಟ ದೀಪ ಮಿನುಗುತ್ತಿರುವವರೆಗೆ ಕೆಲಸ ಸಾಗುತ್ತಿದೆಯೆಂದು ತಿಳಿದು ಕಾಯಬೇಕು. ವ್ಯವಸ್ಥೆಯ ಕಡತಗಳೇ ಬದಲಾಗುತ್ತಿರುವ ಆ ಹೊತ್ತಿನಲ್ಲಿ ವಿದ್ಯುತ್ ಕಡಿದರೆ ಮರುದಿನ ಯಂತ್ರವು ತೆರೆಯದೆಯೇ ಇರಬಹುದು.

ಸಂದೇಶವೇ ಇಲ್ಲದೆ ಯಂತ್ರ ನಿಂತರೆ ಕಾರಣವನ್ನು ಕ್ರಮವಾಗಿ ಹುಡುಕಬೇಕು. ಮೊದಲ ಹೆಜ್ಜೆಯಾಗಿ, ಮರುದಿನ ಮುಚ್ಚುವ ಮುನ್ನ ಎಲ್ಲ ತಂತ್ರಾಂಶಗಳನ್ನೂ ನೀವೇ ಒಂದೊಂದಾಗಿ ಮುಚ್ಚಿ, ಬಳಿಕ ‘ಶಟ್ ಡೌನ್’ ಕೊಡಿರಿ. ಆಗ ಸರಾಗವಾಗಿ ಮುಚ್ಚಿದರೆ ದೋಷವು ಆ ತಂತ್ರಾಂಶಗಳಲ್ಲಿಯೇ ಇದೆ. ಇಲ್ಲದಿದ್ದರೆ ಮುದ್ರಕ, ಸ್ಕ್ಯಾನರ್, ಪೆನ್‌ಡ್ರೈವ್, ಹೊರಗಿನ ಡಿಸ್ಕು ಇವುಗಳನ್ನು ಕ್ರಮಬದ್ಧವಾಗಿ ಬೇರ್ಪಡಿಸಿ ಮತ್ತೆ ನೋಡಿರಿ. ಅದರಿಂದಲೂ ಫಲವಾಗದಿದ್ದರೆ ‘ಸಿಸ್ಟಮ್ ಕಾನ್ಫಿಗರೇಶನ್’ ಎಂಬ ಸಾಧನವನ್ನು ತೆರೆದು, ಅದರ ‘ಸರ್ವೀಸಸ್’ ಪುಟದಲ್ಲಿ ಮೈಕ್ರೋಸಾಫ್ಟಿನ ಸೇವೆಗಳನ್ನು ಮರೆಮಾಡುವ ಚೌಕಕ್ಕೆ ಗುರುತು ಹಾಕಿರಿ. ಉಳಿದ ಸೇವೆಗಳಲ್ಲಿ ಅರ್ಧವನ್ನು ಮಾತ್ರ ನಿಲ್ಲಿಸಿ, ಯಂತ್ರವನ್ನು ಒಮ್ಮೆ ಮರಳಿ ತೆರೆದು, ಮುಚ್ಚಿ ನೋಡಿರಿ. ಸರಿಯಾಗಿ ಮುಚ್ಚಿದರೆ ದೋಷಿಯು ನಿಲ್ಲಿಸಿದ ಅರ್ಧದಲ್ಲಿದ್ದಾನೆ, ಇಲ್ಲವಾದರೆ ಉಳಿದರ್ಧದಲ್ಲಿ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ 16 ಸೇವೆಗಳಲ್ಲಿ ಒಂದನ್ನು ಹಿಡಿಯಲು 4 ಪ್ರಯತ್ನಗಳು ಸಾಕು. ಕಾರಣ ತಿಳಿದ ಮೇಲೆ ಉಳಿದೆಲ್ಲವನ್ನೂ ಮೊದಲಿನಂತೆ ಚಾಲನೆಗೆ ತರುವುದನ್ನು ಮರೆಯಬಾರದು.

ಯಂತ್ರವು ತನ್ನ ದಿನಚರಿಯನ್ನೂ ಬರೆದಿಡುತ್ತದೆ. ‘ಈವೆಂಟ್ ವ್ಯೂವರ್’ ಎಂಬಲ್ಲಿ ಅದನ್ನು ಓದಬಹುದು. 1074 ಎಂಬ ಸಂಖ್ಯೆಯಿದ್ದರೆ ಯಾವ ಬಳಕೆದಾರ ಅಥವಾ ಯಾವ ತಂತ್ರಾಂಶ ಮುಚ್ಚಲು ಆಜ್ಞೆ ಕೊಟ್ಟಿತೆಂದು ತಿಳಿಯುತ್ತದೆ. 6008 ಅಥವಾ 41 ಇದ್ದರೆ ಹಿಂದಿನ ಸಲ ಯಂತ್ರವು ಕ್ರಮವಾಗಿ ಮುಚ್ಚಲಿಲ್ಲವೆಂದು ಅರ್ಥ. ಇಂತಹ ಅಂಕಿಗಳ ಗೊಡವೆ ಬೇಡವೆನ್ನುವವರಿಗೆ ‘ರಿಲಯಬಿಲಿಟಿ ಮಾನಿಟರ್’ ಇದೆ. ಅದು ಯಾವ ದಿನ ಏನು ಕೆಟ್ಟಿತೆಂಬುದನ್ನು ಪಂಚಾಂಗದಂತೆ ದಿನವಾರು ತೋರಿಸುತ್ತದೆ. ತೊಂದರೆ ಆರಂಭವಾದ ದಿನವೇ ಹೊಸ ತಂತ್ರಾಂಶವೋ ಡ್ರೈವರೋ ಸೇರಿದ್ದರೆ, ಮೊದಲು ವಿಚಾರಿಸಬೇಕಾದದ್ದು ಅದನ್ನೇ. ತೆರೆಯೆಲ್ಲ ಕಪ್ಪಾಗಿ ಒಳಗಿನ ಪಂಖ ಮಾತ್ರ ತಿರುಗುತ್ತಿದ್ದರೆ, ಡ್ರೈವರ್‌ಗಳನ್ನೂ ಯಂತ್ರದ ಮೂಲ ತಂತ್ರಾಂಶವಾದ ಬಯಾಸನ್ನೂ ಅದರ ತಯಾರಕರಿಂದ ಪಡೆದು ನವೀಕರಿಸಬೇಕಾಗಬಹುದು.

ಮತ್ತೊಂದು ಮಾತು ಅನೇಕರಿಗೆ ತಿಳಿದಿರಲಾರದು. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಕ್ರಮವಿದೆ. ಅದು ಚಾಲನೆಯಲ್ಲಿರುವಾಗ ‘ಶಟ್ ಡೌನ್’ ಕೊಟ್ಟರೆ ನಮ್ಮ ತಂತ್ರಾಂಶಗಳು ಮುಚ್ಚುತ್ತವೆ. ಆದರೆ ವ್ಯವಸ್ಥೆಯ ಒಳತಿರುಳು ಪೂರ್ಣ ಮುಚ್ಚದೆ, ಅಂದಿನ ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮರುದಿನ ಅಲ್ಲಿಂದಲೇ ಎಚ್ಚರಗೊಳ್ಳುತ್ತದೆ. ಹಾಗಾಗಿ ನಿನ್ನೆಯ ದೋಷವೂ ಇಂದಿಗೆ ಬರಬಹುದು. ಯಂತ್ರಕ್ಕೆ ನಿಜವಾದ ಹೊಸ ಆರಂಭ ಬೇಕಾದಾಗ ‘ರೀಸ್ಟಾರ್ಟ್’ ಆಯ್ದುಕೊಳ್ಳಬೇಕು, ಇಲ್ಲವೆ ಶಿಫ್ಟ್ ಕೀಲಿಯನ್ನು ಹಿಡಿದುಕೊಂಡು ‘ಶಟ್ ಡೌನ್’ ಒತ್ತಬೇಕು. ಮುಚ್ಚುವ ತೊಂದರೆ ಪದೇ ಪದೇ ಕಂಡರೆ ‘ಪವರ್ ಆಪ್ಷನ್ಸ್’ನಲ್ಲಿ ಈ ಕ್ರಮವನ್ನು ನಿಲ್ಲಿಸಿ ನೋಡುವುದು ಯುಕ್ತ.

ಕಾಯುವ ಅವಧಿಯನ್ನೇ ಕಡಿಮೆ ಮಾಡಿಕೊಡುತ್ತೇವೆಂದು ಹೇಳುವವರೂ ಇದ್ದಾರೆ. ಉತ್ತರ ಕೊಡದ ತಂತ್ರಾಂಶಕ್ಕಾಗಿ ವಿಂಡೋಸ್ ಎಷ್ಟು ಹೊತ್ತು ಕಾಯಬೇಕೆಂಬ ಸಂಖ್ಯೆ ‘ರಿಜಿಸ್ಟ್ರಿ’ಯಲ್ಲಿರುತ್ತದೆ, ವಿಂಡೋಸ್ ಎಕ್ಸ್‌ಪಿಯಲ್ಲಿ ಅದು 20 ಸೆಕೆಂಡು ಇತ್ತು. ಅದನ್ನು ಒಂದೆರಡು ಸೆಕೆಂಡಿಗೆ ಇಳಿಸಿದರೆ ಯಂತ್ರವು ಬೇಗ ಮುಚ್ಚುವುದೇನೋ ದಿಟ. ಆದರೆ ರೋಗ ಹಾಗೆಯೇ ಉಳಿಯುತ್ತದೆ. ಅಷ್ಟೇ ಅಲ್ಲ, ಲೆಕ್ಕದ ಪುಸ್ತಕದಲ್ಲಿ ಕೊನೆಯ ಸಾಲನ್ನು ಬರೆಯುತ್ತಿರುವ ತಂತ್ರಾಂಶದ ಕೈಯಿಂದ ಲೇಖನಿಯನ್ನು ಕಿತ್ತುಕೊಂಡಂತೆಯೂ ಆಗುತ್ತದೆ. ಲೆಕ್ಕಪತ್ರಗಳನ್ನು ಇಟ್ಟಿರುವ ಯಂತ್ರದಲ್ಲಿ ಇದು ಸಲ್ಲದು.

ಹಾಗಾದರೆ ಬಲವಂತವಾಗಿ ಆರಿಸಲೇಬಾರದೆ? ಕೊನೆಯ ಉಪಾಯವಾಗಿ ಆರಿಸಬಹುದು. ಅರ್ಧ ಗಂಟೆ ಕಾದರೂ ಡಿಸ್ಕಿನ ದೀಪ ಮಿನುಗದೆ, ಮೌಸ್ ಚಲಿಸದೆ, ನವೀಕರಣದ ಸಂದೇಶವೂ ಇಲ್ಲದಿದ್ದರೆ, ಗೋಡೆಯ ಸ್ವಿಚ್ಚಿನ ಗೊಡವೆಗೆ ಹೋಗದೆ ಯಂತ್ರದ ಗುಂಡಿಯನ್ನೇ 4 ಸೆಕೆಂಡಿಗೆ ಮಿಗಿಲಾಗಿ, ಅದು ಆರುವವರೆಗೆ ಒತ್ತಿ ಹಿಡಿಯಬೇಕು. ಮರಳಿ ತೆರೆಯುವಾಗ ಡಿಸ್ಕಿನ ಪರೀಕ್ಷೆ ಆರಂಭವಾದರೆ ಅದನ್ನು ತಡೆಯದೆ ಮುಗಿಯಗೊಡಬೇಕು. ಇಂದಿನ ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಎಂಬ ಕಡತ ವ್ಯವಸ್ಥೆಯು ತನ್ನ ಬದಲಾವಣೆಗಳ ದಾಖಲೆ ಇಟ್ಟುಕೊಂಡು, ಇಂತಹ ಆಘಾತದಿಂದ ಚೇತರಿಸಿಕೊಳ್ಳಬಲ್ಲದು ನಿಜ. ಆದರೆ ಅದು ಕಾಯುವುದು ಕಡತಗಳ ವಿನ್ಯಾಸವನ್ನು, ಕಡತದೊಳಗೆ ನೀವು ಬರೆಯುತ್ತಿದ್ದ ವಿಷಯವನ್ನಲ್ಲ. ಈ ವ್ಯತ್ಯಾಸವನ್ನು ಅರಿಯದೆ “ಹೊಸ ಯಂತ್ರ, ಏನೂ ಆಗದು” ಎಂದು ನಂಬುವುದು ಅಪಾಯಕರ.

ಕರೆಂಟು ಹೇಳಿ ಹೋಗುವುದಿಲ್ಲ. ಆದ್ದರಿಂದ ಮೇಜಿನ ಮೇಲಿನ ಗಣಕಕ್ಕೆ ಯುಪಿಎಸ್ ಇರಲಿ. ಮನೆಬಳಕೆಯ ಯುಪಿಎಸ್ ಕೊಡುವ ಕೆಲವು ನಿಮಿಷಗಳು ಕೆಲಸ ಮುಂದುವರಿಸುವುದಕ್ಕಲ್ಲ, ಕ್ರಮವಾಗಿ ಮುಚ್ಚುವುದಕ್ಕೆ. ವಾರಕ್ಕೊಮ್ಮೆಯಾದರೂ ಲೆಕ್ಕ, ಪತ್ರ, ಭಾವಚಿತ್ರಗಳ ಪ್ರತಿಯೊಂದನ್ನು ಹೊರಗಿನ ಡಿಸ್ಕಿನಲ್ಲಿ ತೆಗೆದು, ಅದನ್ನು ಯಂತ್ರದಿಂದ ಬೇರ್ಪಡಿಸಿ ಇಡಿರಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿದೆ. ಅದನ್ನೇ ಬಳಸುತ್ತಿರುವವರು ಇಂತಹ ಪ್ರತಿಯನ್ನು ಇನ್ನೂ ಮುತುವರ್ಜಿಯಿಂದ ಇಟ್ಟುಕೊಳ್ಳುವುದು ಲೇಸು.

ಮನೆಯ ಕಿರಿಯರಿಗೆ ಗಣಕದ ಮೇಲೆ ಬಹಳ ಹಿಡಿತವಿದೆ, ತಾಳ್ಮೆ ಕಡಿಮೆ. ಹಿರಿಯರಿಗೆ ತಾಳ್ಮೆಯಿದೆ, ಯಂತ್ರದ ಅಂಜಿಕೆಯೂ ಇದೆ. ಇಬ್ಬರೂ ಒಂದು ಸಂಜೆ ಜೊತೆಯಲ್ಲಿ ಕುಳಿತು, ತಮ್ಮ ಮನೆಯ ಯಂತ್ರವು ಎಷ್ಟು ಹೊತ್ತಿನಲ್ಲಿ ಮುಚ್ಚುತ್ತದೆ, ಯಾವ ಸಂದೇಶ ಕೊಡುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮೇಜಿನ ಬಳಿ ಅಂಟಿಸಿಡಲಿ. ಮುಂದೆ ಎಂದಾದರೂ ಅದು ಹೆಚ್ಚು ಹೊತ್ತು ಹಿಡಿದರೆ, ಸ್ವಿಚ್ಚಿನತ್ತ ಕೈ ಹೋಗುವ ಮೊದಲು ಕಣ್ಣು ಆ ಹಾಳೆಯತ್ತ ಹೋಗಲಿ.